ನಾಳಿನ ತಾರೀಖಿನ ಮಳೆ

ನನ್ನ ದೋಸ್ತನ ಕೆಲಸ ಮಳೆ ಅಳೆಯುವುದು. ಪೂರಾ ಕೆಲಸ ಅದೊಂದೇ ಅಲ್ಲ. ಅವನ ಮೇಜಿನ ಮೇಲೆ ಬೇರೆ ಫೈಲುಗಳೂ ಇರುತ್ತಿದ್ದವು, ಮೇಲಿನವರ ಬೈಗುಳವೂ ಇರುತ್ತಿತ್ತು. ಆದರೆ ‘ಏನ್ ನೌಕರಿ ಮಾಡ್ತೀರಿ?’ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಎದೆ ಮುಂದೆ ಮಾಡಿ ‘ಮಳಿ ಅಳೀತೀನ್ರಿ’ ಎನ್ನುತ್ತಿದ್ದ. ಶಹಾಪುರದ ಕಡೆಯ ಜನ ಇದಕ್ಕೆ ನಗದೆ ಇನ್ನೇನು ಮಾಡಿಯಾರು?

‘ಬಂದ್ರ ಅಳೀತಿ. ಬರಲಿಲ್ಲಂದ್ರ?’

‘ಬರಲಿಲ್ಲಂದ್ರ ಬರಲಿಲ್ಲ ಅಂತ ಬರೀತೀನಿ. ಅದಕ್ಕೂ ಪಗಾರ ಅದ.’

ಅವನ ಕಚೇರಿಯ ಹಿಂದೆ ತಂತಿ ಬೇಲಿಯ ನಡುವೆ ಮಳೆಮಾಪಕ ಇತ್ತು. ನೋಡಲು ಏನೂ ಇಲ್ಲ, ಅರ್ಧ ನೆಲದಲ್ಲಿ ಹೂತ ಒಂದು ಮೋಟು ಡಬ್ಬಿ. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ. ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿನ ಪಾತ್ರೆಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಗಾಜಿಗೆ ತಾಗಿದ ಕಡೆ ನೀರು ತುಸು ಮೇಲೇರಿ ನಿಂತಿರುತ್ತದೆ, ನಡುವೆ ತಗ್ಗು. ಆ ತಗ್ಗನ್ನೇ ಓದಬೇಕು, ಅಂಚನ್ನಲ್ಲ. ಇದನ್ನು ನನಗೆ ಕಲಿಸುವಾಗ ಅವನು ಅಗಸಿಯ ಮುಂದೆ ಕೂತ ಪುರಾಣಿಕರ ಗತ್ತಿನಲ್ಲಿದ್ದ.

ಅಳೆಯುವ ಹೊತ್ತು ಇಡೀ ದೇಶಕ್ಕೆ ಒಂದೇ, ಬೆಳಗಿನ 8.30. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆ ತನಕ ಬಿದ್ದದ್ದೆಲ್ಲ ಇವತ್ತಿನ ಲೆಕ್ಕ. 2.5 ಮಿಲಿಮೀಟರಿಗಿಂತ ಕಮ್ಮಿ ಬಿದ್ದರೆ ಸರಕಾರದ ಲೆಕ್ಕದಲ್ಲಿ ಅದು ‘ಮಳೆ ದಿನ’ವೇ ಅಲ್ಲ, ನೀವು ಪೂರ್ತಿ ತೊಯ್ದು ನೆಗಡಿಯಾಗಿ ಮಲಗಿದರೂ ಅಲ್ಲ. ಇದರಿಂದ ಒಂದು ವಿಚಿತ್ರ ಹುಟ್ಟುತ್ತಿತ್ತು. ನಮ್ಮ ಕಡೆ ಮಳೆ ಬರುವುದು ಬಹುತೇಕ ಸಂಜೆಗೆ. ಮಧ್ಯಾಹ್ನವೆಲ್ಲ ಕುದಿಸಿ, ನಾಲ್ಕಕ್ಕೆ ಮೋಡ ಕೂಡಿಸಿ, ಕಚೇರಿ ಬಿಡುವ ಹೊತ್ತಿಗೆ ಸುರಿಯುತ್ತದೆ. ಸಂಜೆ ಬಿದ್ದ ಆ ಮಳೆ ದಾಖಲೆಯಲ್ಲಿ ಮರುದಿನದ ತಾರೀಖಿಗೆ ಹೋಗುತ್ತದೆ.

‘ಇದು ನಾಳಿನ ಮಳಿ, ಇವತ್ತೇ ತೋಯಿಸ್ಕೊಳಮು ಬಾ’ ಎಂದು ಅವನು ನನ್ನ ಕಚೇರಿಯ ಕಿಟಕಿಗೆ ಬಂದು ನಿಂತರೆ, ನಾನು ಟೈಪ್‌ರೈಟರಿಗೆ ಮುಸುಕು ಹಾಕುತ್ತಿದ್ದೆ.

ನಾನು ಯಾದಗಿರಿಯವನು. ಸ್ಟೇಷನ್ನಿನ ಹತ್ತಿರದ ಗಲ್ಲಿ, ಹಿಂದೆ ಕೋಟೆ ಗುಡ್ಡ, ಮುಂದೆ ಮುಂಬಯಿ–ಮದ್ರಾಸಿನ ಗಾಡಿಗಳ ಸದ್ದು. ದಿನಾ ಬಸ್ಸು ಹತ್ತಿ ಭೀಮಾ ದಾಟಿ ಶಹಾಪುರಕ್ಕೆ ಬಂದು ದುಡಿದು, ಮತ್ತೆ ಭೀಮಾ ದಾಟಿ ಮನೆಗೆ ಹೋಗುವವನು. ಕಚೇರಿ ಬಿಡುವುದು ಐದೂವರೆಗೆ, ನಾನು ನೆಚ್ಚಿದ ಬಸ್ಸು ಎಂಟಕ್ಕೆ. ನಡುವಿನ ಎರಡೂವರೆ ತಾಸು ಸುಮಾರು ಹದಿನೈದು ಮಳೆಗಾಲ ಅವನ ಕೈಯಲ್ಲಿತ್ತು. ಬೇಸಿಗೆಯಲ್ಲಿ ನಾವು ಅಂಥ ಗೆಳೆಯರೇನಲ್ಲ. ಚಹಾದಂಗಡಿಯಲ್ಲಿ ಕಂಡರೆ ‘ಏನಪಾ’ ಎಂದರೆ ಮುಗಿಯಿತು. ಮಿರಗದ ಮಳೆ ಹೊಕ್ಕಿತೆಂದರೆ ಮಾತ್ರ ನಮ್ಮ ದೋಸ್ತಿ ನೆನೆದು ಚಿಗುರುತ್ತಿತ್ತು.

ಕೆಸರು ಎಂಬ ಒಂದೇ ಶಬ್ದದಲ್ಲಿ ನಮ್ಮ ಸೀಮೆಯ ಕೆಸರನ್ನೆಲ್ಲ ಮುಗಿಸಿಬಿಡುವುದು ಅನ್ಯಾಯ. ಶಹಾಪುರದ ಗುಡ್ಡಗಳ ಬುಡದಲ್ಲಿ ಮಸಾರಿ, ಕೆಂಪು ನೆಲ. ಅದು ಮಳೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹರಿದು ಹೋದ ಮೇಲೆ ತೊಳೆದ ಉಸುಕು, ಕಾಲಿಗೆ ಗರಗರ ಎನ್ನುತ್ತದೆ, ಅಷ್ಟೆ. ಗುಡ್ಡ ಬಿಟ್ಟು ಹೊಲಕ್ಕೆ ಇಳಿದಿರೋ, ಎರಿ. ಹತ್ತಿ, ತೊಗರಿ, ಜೋಳ ಬೆಳೆಯುವ ಕಪ್ಪು ನೆಲ. ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಅಗಲ ಬಿರಿದು ಬಾಯಿ ತೆರೆದುಕೊಂಡಿರುತ್ತದೆ. ಮೊದಲ ಮಳೆಯನ್ನು ಅದು ಕುಡಿಯುವ ಸದ್ದು ಕಿವಿಗೆ ಕೇಳುತ್ತದೆ ಎಂದು ದೋಸ್ತ ಹೇಳುತ್ತಿದ್ದ. ನನಗೆ ಕೇಳಿದ್ದು ಕಪ್ಪೆಯ ಸದ್ದು ಮಾತ್ರ. ಕುಡಿದು ಹೊಟ್ಟೆ ತುಂಬಿದ ಮೇಲೆ ಅದು ಬೇರೆಯೇ ಪ್ರಾಣಿ. ಮೊದಲ ಹೆಜ್ಜೆಗೆ ಚಪ್ಪಲಿಯ ತಳಕ್ಕೆ ಒಂದು ಪದರ, ಎರಡನೆಯದಕ್ಕೆ ಇನ್ನೊಂದು, ಹತ್ತನೆಯದಕ್ಕೆ ನಾವು ಮೂರು ಬೆರಳು ಎತ್ತರ ಬೆಳೆದು ದೊಡ್ಡಾಟದ ರಾಕ್ಷಸನ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತಿದ್ದೆವು. ಇಪ್ಪತ್ತನೆಯದಕ್ಕೆ ಚಪ್ಪಲಿಯ ಉಂಗುಟ ಕಿತ್ತು ಬರುತ್ತಿತ್ತು.

ಅದಕ್ಕೇ ದೋಸ್ತ ಹೊಲದ ಬದುವಿಗೆ ಬಂದ ಕೂಡಲೇ ಚಪ್ಪಲಿ ಬಿಚ್ಚಿ, ಎರಡನ್ನೂ ಒಂದಕ್ಕೊಂದು ಮುಖ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಯೂರಿಯಾ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಮಾಡಿದ ಕೊಪ್ಪಿ ತಲೆಯ ಮೇಲೆ. ಬರಿಗಾಲು. ‘ಎರಿ ಮಣ್ಣಾಗ ಚಪ್ಪಲ್ ಹಾಕೊಂಡು ನಡಿಯೋದಂದ್ರ ಕೈಗವಸು ಹಾಕೊಂಡು ಉಂಡಂಗ’ ಎಂಬುದು ಅವನ ವಾದ. ನಾನು ಹೆದರುಪುಕ್ಕಲ. ಮುಳ್ಳಿಗೆ, ಚೇಳಿಗೆ, ಮನೆಯವಳಿಗೆ, ಎಲ್ಲಕ್ಕೂ ಹೆದರುವವನು. ಹೆದರುತ್ತಲೇ ನಾನೂ ಬಿಚ್ಚುತ್ತಿದ್ದೆ. ಬೆರಳುಗಳ ಸಂದಿಯಲ್ಲಿ ಆ ತಣ್ಣನೆಯ ಮಣ್ಣು ಬೆಣ್ಣೆಯ ಹಾಗೆ ಮೇಲೇರಿ ಬರುವಾಗ ಫೈಲು, ಪಗಾರ, ಬಡ್ತಿ ಎಲ್ಲ ಮೊಣಕಾಲಿನ ಕೆಳಗೇ ಉಳಿಯುತ್ತಿದ್ದವು.

ದಾರಿಯಲ್ಲಿ ಅವನು ನಿಲ್ಲುವ ಜಾಗಗಳಿದ್ದವು. ಮೊದಲನೆಯದು ಬುದ್ಧ. ಶಹಾಪುರದ ಗುಡ್ಡಗಳ ಸಾಲನ್ನು ತಕ್ಕ ಜಾಗದಲ್ಲಿ ನಿಂತು ನೋಡಿದರೆ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಬೇರೆಬೇರೆ ಗುಡ್ಡಗಳು. ದೂರದಿಂದ ಒಂದೇ ಮೈ. ಮಳೆ ಬರುವಾಗ ಮೋಡ ಆ ಮೈಯನ್ನು ಮುಚ್ಚುತ್ತ ಬರುತ್ತಿತ್ತು. ‘ಬುದ್ಧ ಕಂಬಳಿ ಹೊದ್ಕೊಳ್ಳಕತ್ತಾನ ನೋಡು’ ಎನ್ನುತ್ತಿದ್ದ. ಕಾಲಿನ ಕಡೆಯಿಂದ ಹೊದಿಕೆ ಶುರುವಾದರೆ ಮಳೆ ಜೋರು, ತಲೆಯ ಕಡೆಯಿಂದಾದರೆ ಬರೀ ಹನಿ. ಇದು ಅವನದೇ ಹವಾಮಾನ ಶಾಸ್ತ್ರ. ಹತ್ತಕ್ಕೆ ನಾಲ್ಕು ಸಲ ನಿಜವಾಗುತ್ತಿತ್ತು, ರೇಡಿಯೋದವರದೂ ಆಗ ಹೆಚ್ಚುಕಡಿಮೆ ಅಷ್ಟೇ.

ಎರಡನೆಯದು ಹುಳ. ಮಿರಗದ ಹುಳ ಎಂದರೆ ಊರ ಮಕ್ಕಳಿಗೆಲ್ಲ ಗೊತ್ತು. ಮೊದಲ ಮಳೆ ಬಿದ್ದು ಒಂದೆರಡು ದಿನಕ್ಕೆ ನೆಲದೊಳಗಿಂದ ಏಳುವ, ಗುಲಗಂಜಿಗಿಂತ ತುಸು ದೊಡ್ಡದಾದ ಕೆಂಪು ಮಕಮಲ್ಲಿನ ಗುಂಡಿ. ಹುಳ ಎನ್ನುತ್ತೇವೆಯೇ ಹೊರತು ಅದಕ್ಕೆ ಎಂಟು ಕಾಲು. ಜೇಡ, ಚೇಳುಗಳ ಬಳಗ. ದೋಸ್ತ ಅಂಗಾಲಿನ ಮೇಲೆ ಕೂತು ಒಂದನ್ನು ಅಂಗೈಗೆ ಎತ್ತಿಕೊಳ್ಳುತ್ತಿದ್ದ. ಮುಟ್ಟಿದ ಕೂಡಲೇ ಕಾಲುಗಳನ್ನೆಲ್ಲ ಒಳಗೆ ಮಡಚಿ ಸತ್ತಂತೆ ಬಿದ್ದಿರುತ್ತದೆ. ನಾವಿಬ್ಬರೂ ಉಸಿರು ಹಿಡಿದು ಕಾಯಬೇಕು. ಅರ್ಧ ನಿಮಿಷ, ಒಂದು ನಿಮಿಷ. ಆಮೇಲೆ ಮುಂದಿನ ಜೋಡಿ ಕಾಲು ಮೆಲ್ಲಗೆ ಹೊರಗೆ ಬಂದು ಗಾಳಿಯನ್ನು ತಡವುತ್ತದೆ. ಅಷ್ಟರಲ್ಲಿ ನಮ್ಮ ಬೆನ್ನ ಮೇಲೆ ನಾಳಿನ ತಾರೀಖಿನ ಮಳೆ ಚಟಚಟ ಬೀಳುತ್ತಿರುತ್ತದೆ. ಮುಂದಿನ ವರ್ಷದ ತನಕ ಇವು ಎಲ್ಲಿರುತ್ತವೆ ಎಂದು ನಾನು ಒಮ್ಮೆ ಕೇಳಿದ್ದೆ. ‘ಕೆಳಗ. ನಾವೂ ಅಲ್ಲೇ ಹೋಗೋದಲ್ಲೇನ್, ಕೇಳಿಕೊಂಡು ಬರಮು’ ಎಂದ. ಆಗ ನಕ್ಕಿದ್ದೆವು.

ಮೂರನೆಯದು, ನಡಿಗೆ ಮುಟ್ಟಬೇಕಾದ ಜಾಗ, ವಿಭೂತಿಹಳ್ಳಿಯ ಕಲ್ಲು. ಶಹಾಪುರದಿಂದ ಐದಾರು ಕಿಲೋಮೀಟರು. ಎರಿ ಹೊಲದ ನಡುವೆ ನೂರಾರು ಗುಂಡುಗಲ್ಲುಗಳನ್ನು ಯಾರೋ ಎಂದೋ ಸಾಲುಸಾಲಾಗಿ, ಅಳೆದು ತೂಗಿ ಇಟ್ಟಿದ್ದಾರೆ. ನೇರ ನೋಡಿದರೂ ಸಾಲು, ಓರೆ ನೋಡಿದರೂ ಸಾಲು. ಬೃಹತ್ ಶಿಲಾಯುಗದ ಜನರ ಕೆಲಸ ಎನ್ನುತ್ತಾರೆ. ಸತ್ತವರ ನೆನಪಿಗೆ ಎನ್ನುವವರಿದ್ದಾರೆ, ಸೂರ್ಯನ ಹುಟ್ಟು ಮುಳುಗಿನ ಲೆಕ್ಕಕ್ಕೆ ಎನ್ನುವವರೂ ಇದ್ದಾರೆ. ದೋಸ್ತ ಎರಡನೆಯವರ ಪಕ್ಷ. ‘ಅವರೂ ನನ್ನಂಥ ನೌಕರರೇ ಇರಬೇಕು. ಮುಂಜಾನಿ ಎದ್ದು ಕಲ್ಲಿನ ಹಂತೇಲಿ ಬಂದು, ಇವತ್ತು ಸೂರ್ಯ ಬಂದಾನ ಅಂತ ಬರಕೊಂಡು ಹೋಗೋದು.’

ಅಲ್ಲಿಗೆ ಹೋದಾಗಲೆಲ್ಲ ಅವನು ಕಲ್ಲು ಎಣಿಸುತ್ತಿದ್ದ. ಮಳೆ ಬರುವಾಗ, ಕತ್ತಲಾಗುವಾಗ, ಜಾಲಿಕಂಟಿಯೊಳಗೆ ಅಡಗಿದ್ದನ್ನೂ ಬಿಡದೆ. ಒಂದು ಸಲ ಬಂದ ಲೆಕ್ಕ ಇನ್ನೊಂದು ಸಲ ಬಂದದ್ದೇ ಇಲ್ಲ. ಮಿಲಿಮೀಟರನ್ನು ಹತ್ತು ಭಾಗ ಮಾಡಿ ಬರೆಯುವವನಿಗೆ ಇದೊಂದು ಅವಮಾನ. ನಾನು ಸುಮ್ಮನಿರದೆ ನಡುವೆ ಒಂದು ಮಾತಾಡಿ ಲೆಕ್ಕ ತಪ್ಪಿಸುತ್ತಿದ್ದೆ ಎಂಬುದೂ ಖರೆ.

ಈ ಕಲ್ಲುಗಳನ್ನು ಅವನಿಗಿಂತ ನೂರೈವತ್ತು ವರ್ಷ ಮೊದಲು ನೋಡಿ ಬರೆದವರಲ್ಲಿ ಒಬ್ಬ ಮೆಡೋಸ್ ಟೇಲರ್. 1841ರಿಂದ 1853ರ ತನಕ ಸುರಪುರದಲ್ಲಿ ಇದ್ದು, ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡ ಇಂಗ್ಲಿಷಿನವನು. ರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಒಂದು ಶ್ರಾವಣದ ರವಿವಾರ ದೋಸ್ತ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿದ್ದ. ಅಲ್ಲಿಂದ ಬೋನಾಳದ ಕೆರೆಗೆ. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುವ ಕೆರೆ ಅದು. ಅವು ಬರುವುದು ಚಳಿಗಾಲಕ್ಕೆ, ನಾವು ಹೋದದ್ದು ಮಳೆಗಾಲಕ್ಕೆ. ಕಂಡದ್ದು ಬೆಳ್ಳಕ್ಕಿ ಮತ್ತು ನೀರೊಳಗೆ ಕುತ್ತಿಗೆ ತನಕ ಮುಳುಗಿ ನಿಂತ ಎಮ್ಮೆ. ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ ನಾನು ಓದಿದ್ದ ಮುಂದಿನ ಕಥೆ ಹೇಳಿದೆ. 1858ರಲ್ಲಿ ರಾಜ ಬಂಡೆದ್ದು, ಸೋತು, ಸೆರೆ ಸಿಕ್ಕಿದ್ದು. ಸಿಕಂದರಾಬಾದಿನ ಸೆರೆಮನೆಗೆ ಟೇಲರ್ ಹೋಗಿ ಅವನನ್ನು ಕಂಡಿದ್ದು. ಶಿಕ್ಷೆ ಕಡಿಮೆಯಾಗಿ ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡಿಗೆ ಸತ್ತಿದ್ದು.

ದೋಸ್ತ ರೊಟ್ಟಿ ಮುರಿಯುತ್ತ, ‘ನೋಡ್ಲಾಕ ಹೋದ. ಅಷ್ಟೇ ಏನ್?’ ಎಂದ.

‘ಮತ್ತೇನ್ ಮಾಡಬೇಕಿತ್ತು?’

‘ನನಗೇನ್ ಗೊತ್ತು. ಅಪ್ಪಾ ಅಂತಿದ್ದ ಅಂದಿ, ಅದಕ್ಕ ಕೇಳ್ದೆ.’

ಟೇಲರನ ಮಟ್ಟಿಗೆ ಅದು ಪೂರ್ತಿ ನ್ಯಾಯದ ಮಾತಲ್ಲ. ಆದರೂ ಆ ಮಾತು ಆಮೇಲೆ ನನ್ನನ್ನು ಬಿಡಲಿಲ್ಲ.

ಕಾಲುವೆಯ ಮಾತು ಒಂದಿಷ್ಟು ಹೇಳಬೇಕು. ನಾರಾಯಣಪುರದ ನೀರು ಶಹಾಪುರ, ಸುರಪುರದ ಹೊಲಗಳಿಗೆ ಬಂದದ್ದು ಎಂಬತ್ತರ ದಶಕದಿಂದೀಚೆಗೆ. ಇದೇ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ 1964ರಿಂದ ಕಾದ ಜನಕ್ಕೆ ಅದು ಗಂಗೆಯೇ, ತಕರಾರಿಲ್ಲ. ಜೋಳದ ಹೊಲ ಭತ್ತದ ಗದ್ದೆಯಾಯಿತು. ಆದರೆ ಎರಿಗೆ ಅಷ್ಟು ನೀರು ಕುಡಿದು ಗೊತ್ತಿಲ್ಲ. ತಗ್ಗಿನ ಹೊಲಗಳಿಗೆ ಸವುಳು ಏರಿತು. ನಮ್ಮಿಬ್ಬರ ಸ್ವಾರ್ಥದ ದುಃಖ ಬೇರೆ. ಬಾರಾ ಮಹಿನಾ ಕೆಸರಿರುವ ಕಡೆ ಮಳೆಯ ಕೆಸರಿಗೆ ಮರ್ಯಾದೆ ಎಲ್ಲಿ? ದೋಸ್ತ ಹುಡುಕಿ ಹುಡುಕಿ ನೀರು ಹರಿಯದ ಹೊಲಗಳ ಬಂಡಿದಾರಿಯನ್ನೇ ಹಿಡಿಯುತ್ತಿದ್ದ.

ತಿರುಗಿ ಬರುವಾಗ ರಸ್ತೆಗೆ ಬಂದು ಟಂಟಂ ಹಿಡಿದರೆ ಊರು. ಬಸ್‌ಸ್ಟ್ಯಾಂಡಿನ ಮುಂದಿನ ಬಂಡಿಯಲ್ಲಿ ಸುಸಲಾ, ಬಿಸಿ ಮಿರ್ಚಿ, ಆಮೇಲೆ ಚಹಾ. ಅವನ ಚಹಾಕ್ಕೆ ಸಕ್ಕರೆ ಎರಡು ಚಮಚೆ ಜಾಸ್ತಿ. ಸಕ್ಕರೆ ಕಾಯಿಲೆ ಅವನಿಗೆ ಶುರುವಾಗಿ ಆರು ವರ್ಷವಾಗಿತ್ತು, ನೆನಪಾದ ದಿನ ಗುಳಿಗೆ ನುಂಗುತ್ತಿದ್ದ. ‘ಊರ ಮಳಿ ಅಳೀತಾರ, ತಮ್ಮ ಸಕ್ಕರಿ ಅಳಿಸ್ಕೊಳಲ್ಲ ನಿಮ್ಮ ದೋಸ್ತ’ ಎಂದು ಅವನ ಹೆಂಡತಿ, ನನ್ನ ವೈನಿ, ನನಗೆ ದೂರು ಕೊಡುತ್ತಿದ್ದರು. ನಾನು ಅದನ್ನೊಂದು ಒಳ್ಳೆಯ ಮಾತು ಎಂದು ನಾಲ್ಕು ಮಂದಿಗೆ ಹೇಳಿ ನಗಿಸಿದ್ದೇನೆ.

2013ರ ಜುಲೈ ಮೊದಲ ಶುಕ್ರವಾರ. ಆರಿದ್ರಾ ಮಳೆಯ ಕೊನೆಯ ದಿನಗಳು. ಮಣ್ಣೆತ್ತಿನ ಅಮಾಸಿ ಇನ್ನು ಮೂರು ದಿನ ಇತ್ತು. ಅವತ್ತು ಅವನಿಗೆ ನಡೆಯುವುದರ ಜೊತೆಗೆ ಇನ್ನೊಂದು ಕೆಲಸ: ಮಗಳಿಗೆ ಎತ್ತು ಮಾಡಲು ಮಣ್ಣು ತರುವುದು. ಪೇಟೆಯಲ್ಲಿ ಮಾಡಿಟ್ಟ ಎತ್ತು ಸಿಗುತ್ತವೆ, ಬಣ್ಣ ಬಳಿದವೂ ಸಿಗುತ್ತವೆ. ಅವನಿಗೆ ಅದು ಸಮ ಬರದು. ಅಪ್ಪ ತಂದ ಎರಿ ಮಣ್ಣಿನಲ್ಲಿ ಮಗಳು ಎತ್ತು ಮಾಡಬೇಕು, ಕೊಂಬು ಓರೆ ಆಗಬೇಕು, ಗ್ವಾದಲಿಗೆ ಒರಗಿಸಿ ಇಟ್ಟರೂ ಬೀಳಬೇಕು. ಆಷಾಢದ ಮಂಗಳವಾರ ಅದೇ ಮಣ್ಣಿನಲ್ಲಿ ಗುಳ್ಳವ್ವನೂ ಆಗಬೇಕು.

ಅಂದಿನ ಮಳೆ ಬುದ್ಧನ ಕಾಲಿನ ಕಡೆಯಿಂದ ಬಂತು. ಕಲ್ಲುಗಳ ಹತ್ತಿರ ಮುಟ್ಟುವಷ್ಟರಲ್ಲಿ ಮುಂದಿನ ಸಾಲು ಕಾಣದಷ್ಟು ಜೋರು. ಎಣಿಸುವ ಮಾತೇ ಇಲ್ಲ. ಒಂದು ದೊಡ್ಡ ಗುಂಡಿನ ಮಗ್ಗುಲಿಗೆ ಬೆನ್ನು ಹಚ್ಚಿ ಕೂತೆವು. ಗೂಳಿಗಪ್ಪೆಗಳು ಅರಿಸಿನ ಬಳಿದುಕೊಂಡ ಮದುಮಕ್ಕಳ ಹಾಗೆ ಹಳದಿಯಾಗಿ, ನೀರು ನಿಂತ ತಗ್ಗಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದವು. ನಾವು ಮಾತಾಡಿದ್ದು ನೆನಪಿಲ್ಲ. ಬಹುಶಃ ಆಡಲೇ ಇಲ್ಲ. ಮಳೆ ತುಸು ಇಳಿದ ಮೇಲೆ ಅವನು ಎದ್ದು, ಬದುವಿನ ಹತ್ತಿರ ಒಳ್ಳೆಯ ಮಣ್ಣು ಎಲ್ಲಿದೆ ಎಂದು ಕಾಲಿನಿಂದಲೇ ತುಳಿದು ತುಳಿದು ನೋಡಿದ. ಆಮೇಲೆ ಕೊಪ್ಪಿಯ ಚೀಲವನ್ನೇ ಬಿಚ್ಚಿ ನಾಲ್ಕು ಹೆಂಟೆ ಹಾಕಿಕೊಂಡ.

ರಸ್ತೆಗೆ ಬರುವಾಗ ಅವನ ಎಡಗಾಲಿನ ಹೆಜ್ಜೆ ಬೀಳುವ ಕಡೆ ಕಪ್ಪಿನೊಳಗೆ ಒಂದು ಬೇರೆ ಬಣ್ಣ ಕಂಡಿತು. ಸಂಜೆಯ ಬೆಳಕು, ನೀರು, ಮಣ್ಣು. ಬೇರೆ ಎಂದರೆ ಎಷ್ಟು ಬೇರೆ? ‘ಏನಲೇ, ಕಾಲಿಗೆ ಏನಾರ ಚುಚ್ಚಿತೇನ್?’ ಎಂದೆ.

‘ಏ, ಮಸಾರಿ ಹತ್ಯಾದ’ ಎಂದ.

ಅಲ್ಲಿ ಮಸಾರಿ ಇರಲಿಲ್ಲ. ಗುಡ್ಡದ ಬುಡದಿಂದ ನಾವು ಎಷ್ಟೋ ದೂರ ಬಂದಾಗಿತ್ತು. ಹದಿನೈದು ಮಳೆಗಾಲ ಆ ಎರಡು ಮಣ್ಣುಗಳ ಮೇಲೆ ನಡೆದವನಿಗೆ ಅಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎಂಟರ ಬಸ್ಸು ನನ್ನ ತಲೆಯಲ್ಲಿತ್ತು. ಅವನು ಕುಂಟಲೂ ಇಲ್ಲ. ನೋವಾಗಿದ್ದರೆ ಕುಂಟುತ್ತಿದ್ದ. ಸಕ್ಕರೆ ಅಂಗಾಲಿನ ನೋವನ್ನೇ ಮೊದಲು ತಿಂದುಹಾಕುತ್ತದೆ ಎಂಬುದು ನನಗೆ ಆಮೇಲೆ ತಿಳಿದ ಸಂಗತಿ.

ಬಸ್ಸು ಹತ್ತುವಾಗ ಕಂಡಕ್ಟರ್ ನನ್ನ ಕಾಲು ನೋಡಿ, ‘ಏನ್ರಿ ಸರ, ಅರ್ಧ ಎಕರೆ ಎತ್ಕೊಂಡು ಬಂದೀರಿ, ಅದಕ್ಕೂ ಟಿಕೆಟ್ ತಗೋರಿ’ ಎಂದ. ಬಸ್ಸೆಲ್ಲ ನಕ್ಕಿತು. ಕೆಳಗೆ ನಿಂತ ದೋಸ್ತ ಮಣ್ಣಿನ ಚೀಲ ಮೇಲೆತ್ತಿ, ‘ಉಳಿದರ್ಧ ಇಲ್ಲದ!’ ಎಂದು ಕೂಗಿದ. ಭೀಮಾ ಸೇತುವೆಯ ಮೇಲೆ ಬಂದಾಗ ಇನ್ನೂ ನಗು ಬರುತ್ತಿತ್ತು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಜಾಲಿಮುಳ್ಳು ಹೆಬ್ಬೆರಳಿನ ಕೆಳಗೆ ಮುರಿದು ಒಳಗೇ ಉಳಿದಿತ್ತು. ಎಂಟು ದಿನ ಅದು ಅವನಿಗೆ ಗೊತ್ತೇ ಆಗಲಿಲ್ಲ. ವೈನಿಗೆ ಗೊತ್ತಾದದ್ದು ವಾಸನೆಯಿಂದ. ಊರಲ್ಲೊಬ್ಬರು ಸೂಜಿ ಮಾಡಿ ಪಟ್ಟಿ ಕಟ್ಟಿದರು, ಇನ್ನೊಬ್ಬರು ಬೇರೆ ಪಟ್ಟಿ ಕಟ್ಟಿದರು. ಶ್ರಾವಣದಲ್ಲಿ ಬೆರಳು ಹೋಯಿತು. ದೀಪಾವಳಿಯ ಹೊತ್ತಿಗೆ ಕಲಬುರಗಿಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕಾಲೇ ಹೋಯಿತು. ನಾನು ಯಾದಗಿರಿಯಿಂದ ರೈಲಿಗೆ ಹೋಗಿ ಬರುತ್ತಿದ್ದೆ. ರವಿವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಮೋಸಂಬಿ ಒಯ್ಯಬಾರದು ಎಂದು ಮೊದಲ ಸಲವೇ ಬೈಸಿಕೊಂಡಿದ್ದರಿಂದ ಬರಿಗೈಲಿ ಹೋಗಿ ಮಂಚದ ಹತ್ತಿರ ಕೂಡುತ್ತಿದ್ದೆ. ಅವನೂ ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ, ನಾನು ಎದ್ದು ಹೊರಟಾಗ, ‘ಟೇಲರ್ ಸಾಹೇಬ್ರು ಹೊಂಟ್ರೇನ್?’ ಎಂದ. ತಮಾಷೆಗೇ ಅಂದದ್ದು. ನಕ್ಕಿದ್ದ ಕೂಡ. ನಾನು ಸ್ಟೇಷನ್ನಿಗೆ ನಡೆದುಕೊಂಡು ಹೋದೆ, ಆಟೋ ಹತ್ತುವ ಮನಸ್ಸಾಗಲಿಲ್ಲ.

ಮನೆಗೆ ಕರೆತಂದ ಮೇಲೆ ಒಮ್ಮೆ ಹೋದಾಗ ಬಾಗಿಲ ಮಗ್ಗುಲಲ್ಲಿ ಅವನ ಚಪ್ಪಲಿ ಜೋಡಿ ಇತ್ತು. ಎರಡೂ ಇದ್ದವು. ಎಡಗಡೆಯದರ ಮೇಲೆ ಧೂಳು ಕೂತಿತ್ತು, ಬಲಗಡೆಯದರ ಮೇಲೆ ಇರಲಿಲ್ಲ. ಗೂಡಿನಲ್ಲಿ ಮಗಳು ಮಾಡಿದ ಎತ್ತುಗಳು ಹಾಗೇ ಇದ್ದವು. ಪದ್ಧತಿಯ ಪ್ರಕಾರ ಪೂಜೆ ಮುಗಿದ ಮೇಲೆ ಅವನ್ನು ನೀರಿಗೆ ಬಿಡಬೇಕಿತ್ತು. ಯಾರಿಗೂ ಅದರ ಖಬರೇ ಇರಲಿಲ್ಲ. ಎರಿ ಒಣಗಿದರೆ ಬಿರಿಯುತ್ತದೆ. ಒಂದು ಎತ್ತಿನ ಮುಂಗಾಲು ಬಿರಿದು ಕೆಳಗೆ ಬಿದ್ದಿತ್ತು. ನಾನು ನೋಡಿದ್ದನ್ನು ವೈನಿ ನೋಡಿದರು. ಏನೂ ಅನ್ನದೆ ಆ ತುಣುಕನ್ನು ಎತ್ತಿ ಎತ್ತಿನ ಮಗ್ಗುಲಿಗೆ ಇಟ್ಟರು.

2014ರ ಮೇ ತಿಂಗಳಲ್ಲಿ ಅವನು ಹೋದ. ಕಿಡ್ನಿ ಎಂದರು. ಊರೆಲ್ಲ ಚುನಾವಣೆಯ ಎಣಿಕೆಯ ಗದ್ದಲದಲ್ಲಿತ್ತು, ಬಿಸಿಲು ಬೆಂಕಿ ಸುರಿದಂತೆ. ಮಣ್ಣಿಗೆ ಕೊಡುವಾಗ ನೆಲ ಕಲ್ಲಿನಂತೆ ಗಟ್ಟಿ. ಹಾರೆ ಬಿದ್ದಲ್ಲಿ ಟಣ್ ಟಣ್ ಎನ್ನುತ್ತಿತ್ತು. ತೋಡಿದ ಕುಣಿಯ ಗೋಡೆಯಲ್ಲಿ ಮೇಲೆ ಒಂದು ಮೊಳ ಎರಿ, ಕೆಳಗೆ ಬಿಳಿ ಗರಸು ಕಾಣುತ್ತಿತ್ತು. ಮಿರಗದ ಹುಳದ ಮಾತು ನೆನಪಾಯಿತು. ನಾನು ಹಿಂದೆ ಸರಿದು ನಿಂತೆ.

ತಿಂಗಳಾದ ಮೇಲೆ ಅವನ ಕಚೇರಿಗೆ ಹೋಗಬೇಕಾಗಿ ಬಂತು, ವೈನಿಯ ಕಾಗದಪತ್ರದ ಕೆಲಸ. ಕಾಯುವಾಗ ಮಳೆಯ ರಿಜಿಸ್ಟರು ಮೇಜಿನ ಮೇಲೇ ಇತ್ತು. ಆ ಶುಕ್ರವಾರದ ಪುಟ ತೆಗೆದೆ. ಶುಕ್ರವಾರದ ಮುಂದೆ ‘ನಿರಂಕ’ ಎಂದಿತ್ತು. ಅವನು ಹೇಳಿಕೊಟ್ಟದ್ದು ಮರೆತು ಒಂದು ಕ್ಷಣ ಗಾಬರಿಯಾದೆ. ಮಳೆ ಇದ್ದದ್ದು ಶನಿವಾರದ ಮನೆಯಲ್ಲಿ, ಅವನದೇ ದುಂಡು ಅಕ್ಷರದಲ್ಲಿ, ಚುಕ್ಕೆಯ ಆಚೆಗಿನ ಅಂಕಿಯೂ ತಪ್ಪದೆ. ಮುಳ್ಳು ಕಾಲಲ್ಲಿದ್ದ ಹಾಗೇ ಎದ್ದು ಎಂಟೂವರೆಗೆ ಬಂದು, ಗಾಜಿನ ಪಾತ್ರೆ ಕಣ್ಣಿಗೆ ಹಿಡಿದು, ತಗ್ಗನ್ನು ಓದಿ ಬರೆದಿದ್ದ.

ಈಗ ಮಳೆ ಅಳೆಯುವುದಕ್ಕೆ ಬೇರೆ ಏರ್ಪಾಡಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ಬಿಸಿಲಿನಿಂದ ನಡೆಯುವ ಯಂತ್ರಗಳು ನಿಂತಿವೆ. ಹದಿನೈದು ನಿಮಿಷಕ್ಕೊಮ್ಮೆ ಅವು ತಾವೇ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಮೊಬೈಲಿನಲ್ಲಿ ನನಗೂ ಬರುತ್ತದೆ. ಒಳ್ಳೆಯದೇ, ರೈತರಿಗೆ ಉಪಯೋಗ, ವಿಮೆಯವರಿಗೂ ಉಪಯೋಗ. ನಾನು ನಿವೃತ್ತನಾಗಿ ಯಾದಗಿರಿಯಲ್ಲೇ ಇದ್ದೇನೆ. 2009ರ ಡಿಸೆಂಬರ್ 30ಕ್ಕೆ ಜಿಲ್ಲೆಯಾದಂದಿನಿಂದ ಊರು ಬೆಳೆಯುತ್ತಲೇ ಇದೆ, ನನ್ನ ಗಲ್ಲಿಗೂ ಕಾಂಕ್ರೀಟು ಬಂದಿದೆ. ಕೆಸರು ನೋಡಬೇಕೆಂದರೆ ಈಗ ಖರ್ಚು ಮಾಡಿಕೊಂಡು ಹೋಗಬೇಕು.

ಹೋಗುತ್ತೇನೆ, ವರ್ಷಕ್ಕೊಮ್ಮೆ. ಮಣ್ಣೆತ್ತಿನ ಅಮಾಸಿಯ ಹಿಂದುಮುಂದೆ ಒಂದು ಸಂಜೆ ಬಸ್ಸು ಹತ್ತಿ ಶಹಾಪುರ, ಅಲ್ಲಿಂದ ಟಂಟಂ, ಆಮೇಲೆ ಬಂಡಿದಾರಿ. ಕಲ್ಲು ಎಣಿಸುತ್ತೇನೆ. ನಡುವೆ ಮಾತಾಡಿ ಕೆಡಿಸುವವರು ಯಾರೂ ಇಲ್ಲ, ಆದರೂ ಎರಡು ವರ್ಷದ ಲೆಕ್ಕ ಕೂಡಿ ಬಂದಿಲ್ಲ.

ನನಗೂ ಸಕ್ಕರೆ ಬಂದು ಈಗ ನಾಲ್ಕು ವರ್ಷ. ಮೊಣಕಾಲು ತನಕ ಬರುವ ರಬ್ಬರ್ ಬೂಟು ಹಾಕಿಕೊಂಡೇ ಎರಿಗೆ ಇಳಿಯುತ್ತೇನೆ. ಮಣ್ಣು ತಣ್ಣಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ರಾತ್ರಿ ಮನೆಗೆ ಬಂದು ಬೂಟು ಬಿಚ್ಚಿ, ಕಾಲು ತೊಳೆದು ಕಟ್ಟೆಯ ಮೇಲೆ ಕೂಡುತ್ತೇನೆ. ಮಗಳು ಬ್ಯಾಟರಿ ತಂದು ಕೆಳಗೆ ಕೂತು, ಬೆರಳಿನ ಸಂದಿ ಬಿಡಿಸಿ ಬಿಡಿಸಿ ಎರಡೂ ಅಂಗಾಲು ನೋಡುತ್ತಾಳೆ.